ಫ್ರೀಜರಿನಲ್ಲಿ ಉಳಿದ ಅಕ್ಕನ ಡಬ್ಬಿ

ಬಸವನಗುಡಿಯ ನಮ್ಮ ಲ್ಯಾಬು ಇರುವುದು ಒಂದು ಹಳೆಯ ಮನೆಯ ಮಹಡಿಯಲ್ಲಿ. ಅಲ್ಲಿ ನನಗೆ ಕೆಲಸ ಕಲಿಸಿದವರು ನನಗಿಂತ ಹಿರಿಯರಾದ ಒಬ್ಬ ಸಂಶೋಧಕಿ. ನಾವೆಲ್ಲ ಅವರನ್ನು ಅಕ್ಕ ಎನ್ನುತ್ತಿದ್ದೆವು. ನಮ್ಮ ಕೆಲಸವೆಲ್ಲ ಪೆಪ್ಟೈಡುಗಳ ಮೇಲೆ. ಪ್ರೋಟೀನಿನ ಚಿಕ್ಕ ತುಣುಕುಗಳು ಅವು. ಹೆಬ್ಬೆರಳಿನಷ್ಟು ಎತ್ತರದ ಗಾಜಿನ ಶೀಶೆಯ ತಳದಲ್ಲಿ ಚಿಟಿಕೆಗೂ ಕಡಿಮೆ ಬಿಳಿ ಪುಡಿ. ಒಣಗಿದ್ದು, ತಣ್ಣಗಿದ್ದರೆ ವರ್ಷಗಟ್ಟಲೆ ಉಳಿಯುತ್ತವೆ. ಕೆಡಿಸುವುದು ನಮ್ಮ ಅವಸರ.

"ಫ್ರೀಜರಿಂದ ತೆಗೆದ ತಕ್ಷಣ ಮುಚ್ಚಳ ತೆಗೀಬೇಡ ಕಣೇ," ಎನ್ನುತ್ತಿದ್ದರು ಅಕ್ಕ. "ಗಾಳೀಲಿರೋ ತೇವ ಎಲ್ಲಾ ಪುಡಿ ಮೇಲೆ ಕೂತ್ಬಿಡತ್ತೆ. ಮೊದ್ಲು ರೂಮಿನ ಬಿಸಿಗೆ ಬರ್ಲಿ."

ತೇವ ಹೀರುವ ಹರಳು ಹಾಕಿದ ಗಾಜಿನ ಪಾತ್ರೆಯಲ್ಲಿ ಶೀಶೆಗಳನ್ನಿಟ್ಟು, ನನ್ನನ್ನು ಗಾಂಧಿ ಬಜಾರಿಗೆ ಕಾಫಿಗೆ ಎಳೆದುಕೊಂಡು ಹೋಗುತ್ತಿದ್ದರು. ಬಂದ ಮೇಲೆ ಬೇಕಾದಷ್ಟು ಪುಡಿ ಕರಗಿಸಿ, ಸಣ್ಣ ಸಣ್ಣ ಟ್ಯೂಬುಗಳಿಗೆ ಹಂಚಿ, ಒಂದೊಂದರ ಮೇಲೂ ಗುಂಡಗಿನ ಅಕ್ಷರದಲ್ಲಿ ಪೆಪ್ಟೈಡಿನ ಹೆಸರು ಬರೆಯುತ್ತಿದ್ದರು.

ಒಂದು ಮಳೆಗಾಲ ಅವರಿಗೆ ಡೆಂಗಿ ಜ್ವರ ಬಂತು. ಸೋಮವಾರ ರಜೆ ಹೇಳಿದವರು ಆ ವಾರ ಮುಗಿಯುವಷ್ಟರಲ್ಲಿ ಇರಲಿಲ್ಲ.

ಅವರ ಡಬ್ಬಿ ಫ್ರೀಜರಿನಲ್ಲೇ ಉಳಿಯಿತು. ಬೇರೇನೋ ತೆಗೆಯಲು ಬಾಗಿಲು ತೆರೆದರೆ ಬಿಳಿ ಹಬೆ ಹೊರಬರುತ್ತಿತ್ತು, ಅದು ಸರಿದ ಮೇಲೆ ಅವರ ಅಕ್ಷರ ಕಾಣುತ್ತಿತ್ತು. ದೆವ್ವ ಭೂತ ನಂಬುವವಳಲ್ಲ ನಾನು. ಆದರೂ ಅವಸರದಲ್ಲಿ ಯಾವುದಾದರೂ ಮುಚ್ಚಳಕ್ಕೆ ಕೈ ಹಾಕಿದರೆ, ಹಿಂದೆ ಯಾರೋ ನಿಂತ ಹಾಗಾಗಿ ತಿರುಗಿ ನೋಡುತ್ತಿದ್ದೆ.

ಕೊನೆಗೆ ಲ್ಯಾಬಿನ ಮುಖ್ಯಸ್ಥರಾದ ನಮ್ಮ ಸರ್, "ಜಾಗ ಸಾಲ್ತಿಲ್ಲ. ಅವರ ಡಬ್ಬೀಲಿ ಚೆನ್ನಾಗಿರೋದು ಇಟ್ಕೊಂಡು ಮಿಕ್ಕಿದ್ದು ಖಾಲಿ ಮಾಡಿ" ಅಂದರು. ಇವತ್ತು ನಾಳೆ ಎಂದು ತಳ್ಳುತ್ತಿದ್ದೆ. ಆಗ ಒಂದು ಮಧ್ಯಾಹ್ನ ಲ್ಯಾಬಿಗೆ ಫೋನು ಬಂತು.

"ಹಲೋ, ಸ್ವಲ್ಪ ಮಾತಾಡ್ಬಹುದಾ?"

ಅಕ್ಕನ ದನಿ. ಫೋನು ಹಿಡಿದೇ ತಿರುಗಿ ಹಿಂದೆ ನೋಡಿದೆ. "ಹಲೋ? ನಿಮ್ಮಲ್ಲಿ ಕೆಲ್ಸ ಮಾಡ್ತಿದ್ಲಲ್ಲ, ಡೆಂಗಿಯಲ್ಲಿ ಹೋದ್ಲಲ್ಲ, ನಾನು ಅವಳ ತಂಗಿ. ಚಾಮರಾಜಪೇಟೆಯಿಂದ," ಎಂದಿತು ಅದೇ ದನಿ.

ಮಾರನೇ ದಿನ ತಂಗಿ ಬಂದರು. ಮುಖದಲ್ಲಿ ಹೋಲಿಕೆಯೇ ಇರಲಿಲ್ಲ. "ಅವಳು ದಿನಾ ಏನ್ ಮಾಡ್ತಿದ್ಲು ಅಂತ ಮನೇಲಿ ಯಾರೂ ಕೇಳ್ಲೇ ಇಲ್ಲ. ಒಂದ್ಸಲ ನೋಡ್ಬೇಕು ಅನ್ನಿಸ್ತು."

ಡಬ್ಬಿಯನ್ನು ಐಸಿನ ಮೇಲಿಟ್ಟು ತೋರಿಸಿದೆ. ಅವರು ಬಗ್ಗಿ ಲೇಬಲ್ಲುಗಳನ್ನು ಒಂದೊಂದಾಗಿ ಓದತೊಡಗಿದರು. ಅಕ್ಕನ ಅಕ್ಷರ, ಅಕ್ಕನದೇ ದನಿಯಲ್ಲಿ. ಮೇಲೆ ಮಂಜು ಕಟ್ಟಿ ಅಕ್ಷರ ಮರೆಯಾದಾಗ ಗ್ಲೌಸಿನ ಬೆರಳಿನಿಂದ ಒರೆಸಿಕೊಟ್ಟೆ.

"ಒಂದು ತೆಗೆದು ತೋರಿಸ್ತೀರಾ?"

"ಈಗಲೇ ಬೇಡ. ತೇವ ಕೂತ್ಬಿಡತ್ತೆ," ಅಂದೆ.

ಒಂದು ಶೀಶೆಯನ್ನು ಗಾಜಿನ ಪಾತ್ರೆಯಲ್ಲಿಟ್ಟು ಇಬ್ಬರೂ ಕಾಯುತ್ತಾ ಕೂತೆವು. ತಂಗಿ ಹೇಳಿದರು: "ಜ್ವರದಲ್ಲಿ 'ಫ್ರೀಜರ್ ಬಾಗ್ಲು ಸರಿಯಾಗಿ ಹಾಕಿದೀರಾ' ಅಂತ ಕೇಳ್ತಾನೇ ಇದ್ಲು. ನಾವು ಮನೆ ಫ್ರಿಜ್ಜು ಅಂದ್ಕೊಂಡು ಹೋಗಿ ಹೋಗಿ ನೋಡಿ ಬರ್ತಿದ್ವಿ." ಆಮೇಲೆ ಫ್ರೀಜರಿನ ಕಡೆ ತಿರುಗಿ ಕೇಳಿದರು, "ಇಲ್ಲೀದು ಹಾಕಿತ್ತಾ?"

"ಹಾಕಿತ್ತು," ಅಂದೆ.

ಶೀಶೆ ಬಿಸಿಗೆ ಬಂದ ಮೇಲೆ, ಮುಚ್ಚಳಕ್ಕೆ ಅಂಟಿದ ಪುಡಿ ಕೆಳಗಿಳಿಯಲೆಂದು ಯಂತ್ರದಲ್ಲಿ ಒಮ್ಮೆ ಗಿರ್ರನೆ ತಿರುಗಿಸಿ, ತೆರೆದು ತೋರಿಸಿದೆ.

"ಇಷ್ಟೇನಾ?"

"ಇಷ್ಟೇ."

ಆ ವಾರವೇ ಎಲ್ಲವನ್ನೂ ಪರೀಕ್ಷಿಸಿದೆ. ಕರಗಿಸಿಟ್ಟಿದ್ದರಲ್ಲಿ ಕೆಲವು ಕೆಟ್ಟುಹೋಗಿದ್ದವು, ಅವನ್ನು ರಾಸಾಯನಿಕ ಕಸಕ್ಕೆ ಹಾಕಿದೆ. ಪುಡಿಗಳು ಮಾತ್ರ ಹಾಗೇ ಇದ್ದವು. ಅದನ್ನು ಹೇಳಲು ತಂಗಿಗೆ ಫೋನು ಮಾಡಿದೆ. "ಸರಿ, ಒಳ್ಳೇದಾಯ್ತು," ಅಂದರು. ಅವರು ಇನ್ನಷ್ಟು ಮಾತಾಡಲಿ ಎಂದು ಊಟ ಆಯ್ತಾ, ಆ ಕಡೆ ಮಳೆ ಬಂತಾ, ಎಂದೆಲ್ಲ ಬೇಡದ್ದನ್ನು ಕೇಳಿದೆ. ಕಣ್ಣು ಮುಚ್ಚಿಕೊಂಡು ಆ ದನಿಯನ್ನು ಕೇಳಿಸಿಕೊಂಡೆ.