ಕೆಂಪು ಟೇಪಿನ ಚಾರ್ಟು

ಪೀಣ್ಯದ ನಮ್ಮ ಕಾರ್ಖಾನೆಯಲ್ಲಿ ಮಧ್ಯಾಹ್ನದ ಸೆಕೆಗೆ ಕೈ ಬೆವರಿ, ಕೆಟ್ಟ ಪೀಸುಗಳು ಹೆಚ್ಚುತ್ತಿದ್ದವು. ಅದನ್ನು ಚಾರ್ಟಿನಲ್ಲಿ ತೋರಿಸಿ ಯಜಮಾನರಿಂದ ಒಂದು ದೊಡ್ಡ ಫ್ಯಾನು ಹಾಕಿಸುವ ಕೆಲಸ ನನ್ನ ಪಾಲಿಗೆ ಬಂತು. ನಾನೋ ಮಹಾ ಮೇಧಾವಿ! ಸಿಕ್ಕಸಿಕ್ಕ ಆ್ಯಪ್‌ಗಳನ್ನೆಲ್ಲ ಇಳಿಸಿಕೊಂಡು ಬಣ್ಣಬಣ್ಣದ ಚಕ್ರದಂಥ ಚಾರ್ಟೊಂದನ್ನು ಮಾಡಿ ಫೋನಿನಲ್ಲಿ ತೋರಿಸಿದೆ.

ಯಜಮಾನರು ಕನ್ನಡಕ ಏರಿಸಿದರು. "ಏನೋ ಇದು, ಬರ್ತ್‌ಡೇ ಕೇಕಾ?"

ಅವರು ಹೋದ ಮೇಲೆ ಅವರದೇ ದನಿಯಲ್ಲಿ ಅದನ್ನು ಹೇಳಿ ಎಲ್ಲರನ್ನೂ ನಗಿಸಿದೆ. ಪಕ್ಕದ ಮೆಷಿನ್ನಿನ ಅಕ್ಕ ಮಾತ್ರ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾ, "ನಿನ್ ಮಿಮಿಕ್ರಿಯಿಂದ ಗಾಳಿ ಬರಲ್ಲ ಕಣೋ" ಎಂದರು.

ಶುಕ್ರವಾರ ಕಾರ್ಖಾನೆಯ ಪೂಜೆಗೆ ಮುಂಚೆ ಕತ್ತರಿ ಹಿಡಿದೆ. ವೈರಿಗೆ ಸುತ್ತುವ ಕೆಂಪು ಟೇಪನ್ನು ಕತ್ತರಿಸಿ, ದೇವರ ಪಟದ ಪಕ್ಕದ ಬೋರ್ಡಿಗೆ ಅಂಟಿಸಿದೆ. ಬೆಳಗಿನ ಕೆಟ್ಟ ಪೀಸುಗಳಿಗೆ ಗಿಡ್ಡ ಪಟ್ಟಿ, ಮಧ್ಯಾಹ್ನದವಕ್ಕೆ ಉದ್ದ ಪಟ್ಟಿ. ಮಂಗಳಾರತಿ ಮುಗಿಯುವವರೆಗೆ ಯಜಮಾನರು ಫೋನು ಮುಟ್ಟುವುದಿಲ್ಲ, ಅಲ್ಲಾಡುವುದೂ ಇಲ್ಲ. ಅಂದು ನಿಂತಲ್ಲೇ ಅವರ ಕಣ್ಣು ಬೋರ್ಡಿಗೆ ಬಿತ್ತು.

"ಮಧ್ಯಾಹ್ನದ್ದು ಯಾಕೋ ಇಷ್ಟುದ್ದ?"

"ಸೆಕೆ ಸಾರ್."

ಅವರು ಹಣೆಯ ಬೆವರು ಒರೆಸಿಕೊಂಡರು. "ಸರಿ, ಫ್ಯಾನ್ ತರ್ಸೋಣ. ಆಮೇಲೆ ನನ್ ಮಿಮಿಕ್ರಿ ಮಾಡುವಾಗ ಸ್ವಲ್ಪ ಜೋರಾಗ್ ಮಾತಾಡೋ. ಫ್ಯಾನ್ ಸೌಂಡಲ್ಲಿ ನನ್ ದನಿ ನಂಗೇ ಕೇಳಿಸ್ಬೇಕಲ್ಲ!"