ಅವ್ವ ಬಿಟ್ಟ ರೊಟ್ಟಿ

ನಮ್ಮ ಮನೆಯಲ್ಲಿ ಸಿಟ್ಟು ಬಂದರೆ ಯಾರೂ ಕೂಗಾಡುವುದಿಲ್ಲ. ಮಾತು ಬಿಡುತ್ತೇವೆ, ಊಟ ಬಿಡುತ್ತೇವೆ. ಅವ್ವ ಈ ವಿದ್ಯೆಯನ್ನು ಅಗರಖೇಡದ ತವರಿನಿಂದಲೇ ತಂದವಳು, ನಾನು ಅವಳಿಂದ ಕಲಿತವಳು. ಅಪ್ಪ ಹೋದ ಮೇಲೆ ಸಿಂದಗಿಯ ಮನೆಯಲ್ಲಿ ನಾವಿಬ್ಬರೇ ಇದ್ದೆವು. ಅವಳ ಭುಜ ನೋಯುತ್ತಿತ್ತು. ರೊಟ್ಟಿ ಬಡಿಯಬೇಡ ಅಂದರೆ ಕೇಳುತ್ತಿರಲಿಲ್ಲ. ಒಂದು ದಿನ ನಾನು ಕಲಿಸುವ ಶಾಲೆಯಿಂದ ಬರುವಾಗ, ಅವಳನ್ನು ಕೇಳದೆಯೇ, ಓಣಿಯ ಹೆಂಗಸರು ಮಾಡಿ ಮಾರುವ ತಿಂಗಳಾದರೂ ಕೆಡದ ಖಡಕ್ ರೊಟ್ಟಿಯ ಕಟ್ಟೊಂದನ್ನು ತಂದೆ.

ಅವ್ವ ಎರಡು ತುತ್ತು ನುಂಗಿದಳು, ಕಿವಿಯ ಕೆಳಗೆ ಕೈ ಒತ್ತಿಕೊಂಡಳು, ತಾಟು ಸರಿಸಿದಳು.

"ಯಾಕ, ಬ್ಯಾಡೇನು?" ಅಂದೆ. ಉತ್ತರ ಬರಲಿಲ್ಲ.

ಸರಿ, ನಾನೂ ಅವಳ ಮಗಳೇ. ಮರುದಿನವೂ ಅದೇ ರೊಟ್ಟಿ ಇಟ್ಟು ಬಾಯಿ ಬಿಗಿದುಕೊಂಡೆ. ಅವಳು ದಿನವೂ ಅರ್ಧ ಬಟ್ಟಲು ಅಂಬಲಿ ಕುಡಿದು ಎದ್ದುಬಿಡುತ್ತಿದ್ದಳು. ಎಷ್ಟು ಹಟ ಈ ಮುದುಕಿಗೆ ಅಂತ ಒಳಗೊಳಗೇ ಉರಿದುಕೊಂಡೆ. ಹೀಗೆ ಎಂಟು ದಿನ ಕಳೆದವು. ಒಂಬತ್ತನೆಯ ದಿನ ಒಂದು ಗುಟುಕು ನೀರು ಕುಡಿದವಳ ಕೈಯಿಂದ ತಂಬಿಗೆ ಬಿತ್ತು, ಕಣ್ಣಲ್ಲಿ ನೀರು ಸುರಿಯಿತು. ಅವ್ವ ಸುಮ್ಮಸುಮ್ಮನೆ ಅಳುವವಳಲ್ಲ.

ಹಲ್ಲಿನ ನೋವಿರಬೇಕೆಂದು ಊರಲ್ಲೇ ಒಂದು ದವಡೆ ಹಲ್ಲು ಕೀಳಿಸಿದೆವು. ಹಲ್ಲು ಹೋಯಿತು, ನೋವು ಉಳಿಯಿತು. ಕೊನೆಗೆ ವಿಜಯಪುರಕ್ಕೆ ಕರೆದುಕೊಂಡು ಹೋದೆ. ಅಲ್ಲಿಯ ಡಾಕ್ಟರು ಗಂಟಲಿನ ಹಿಂಭಾಗಕ್ಕೆ ಮರಗಟ್ಟಿಸುವ ಔಷಧಿ ಸಿಂಪಡಿಸಿ, ಸ್ವಲ್ಪ ಹೊತ್ತು ಬಿಟ್ಟು, "ಈಗ ಸಾವಕಾಶ ಒಂದ್ ಗುಟುಕು ನೀರು ಕುಡೀರಿ, ಅವ್ವಾರ" ಅಂದರು. ಅವ್ವ ವೈರಿಯನ್ನು ನೋಡಿದಂತೆ ಅವರನ್ನು ನೋಡಿದಳು. ಕುಡಿದಳು. ಇನ್ನೊಮ್ಮೆ ಕುಡಿದಳು, ಕೈ ಕಿವಿಯ ಕಡೆ ಹೋಗಲಿಲ್ಲ.

"ಇದು ಹಲ್ಲಿಂದಲ್ಲರಿ," ಡಾಕ್ಟರು ನನಗೆ ಹೇಳಿದರು. "ಮಿದುಳಿನಿಂದ ಗಂಟಲಿಗೆ, ನಾಲಿಗಿ ಬುಡಕ್ಕ ಒಂದು ನರ ಬರ್ತೈತಿ. ಅದು ಕೆರಳೇತಿ. ನುಂಗಿದ್ರ ಕಿವಿತನಕ ಕರೆಂಟ್ ಹೊಡದಂಗ ಆಗ್ತೈತಿ. ಮಾತಾಡಿದ್ರೂ ಅಷ್ಟ."

ಮಾತಾಡಿದರೂ ಅಂದರು. ನನಗೆ ತಲೆ ಎತ್ತಲಾಗಲಿಲ್ಲ. ಸ್ಕ್ಯಾನು ಮಾಡಿಸಿ, ಗುಳಿಗೆ ಬರೆಸಿಕೊಂಡು ಬಸ್ಸು ಹತ್ತಿದೆವು. ತಪ್ಪಾಯಿತು ಅನ್ನಬೇಕೆಂದುಕೊಂಡೆ. ಅರ್ಧ ದಾರಿ ಸರಿಯಿತು, ಸಿಂದಗಿಯೂ ಬಂತು, ಬಾಯಿಂದ ಮಾತು ಹೊರಡಲಿಲ್ಲ. ನನ್ನ ಗಂಟಲಿಗೆ ಯಾವ ರೋಗವೂ ಇರಲಿಲ್ಲ.

ಗುಳಿಗೆ ಹತ್ತು-ಹನ್ನೆರಡು ದಿನಕ್ಕೆ ಹಿಡಿಯಿತು. ಒಂದು ಮಧ್ಯಾಹ್ನ ಅವ್ವ ತಾನೇ ಡಬ್ಬಿ ತೆಗೆದು, ಕೊಂಡುತಂದ ಆ ರೊಟ್ಟಿಯನ್ನು ಮುರಿದು, ಶೇಂಗಾ ಚಟ್ನಿ ಹಚ್ಚಿಕೊಂಡು ಪೂರ್ತಿ ತಿಂದಳು.

"ರೊಟ್ಟಿ ಚಲೋ ಅದಾವು," ಅಂದಳು. "ಅವತ್ತ ಹೇಳಬೇಕಂತ ಮಾಡಿದ್ದೆ."