ಗೆರೆಯಿಲ್ಲದ ಜಾಗ

ಆ ವರದಿಯ ಕೊನೆಯ ಪ್ಯಾರಾ ಕತ್ತರಿಸಿದವನು ನಾನೇ. ರಾಯದುರ್ಗದಿಂದ ದಿನವೂ ಬಳ್ಳಾರಿಗೆ ಹೋಗಿ ಪತ್ರಿಕೆಯ ಡೆಸ್ಕಿನಲ್ಲಿ ಕೂರುವುದು ನನ್ನ ಕೆಲಸ. ಪುಟದಲ್ಲಿ ಜಾಗ ಸಾಲದಿದ್ದರೆ ಸುದ್ದಿಯನ್ನು ಕೆಳಗಿನಿಂದ ಕತ್ತರಿಸುತ್ತೇವೆ. ಅಂದೂ ಹಾಗೇ ಮಾಡಿದೆ.

ವರದಿ ಕಡಲತಳದ ಬಿರುಕುಗಳ ಬಗ್ಗೆ ಇತ್ತು. ಸಮೀಕ್ಷೆಯ ಹಡಗು ನೀರಿನೊಳಕ್ಕೆ ಶಬ್ದ ಬಿಟ್ಟು, ಮರಳಿ ಬಂದ ಸದ್ದಿನಿಂದ ತಳದ ಚಿತ್ರ ಬಿಡಿಸುತ್ತದೆ. ಇನ್ನೂ ಅಲುಗುವ ಬಿರುಕುಗಳು ಎಲ್ಲಿವೆ ಎಂದು ತಿಳಿದರೆ, ಕರಾವಳಿಯ ಯಾವ ಭಾಗಕ್ಕೆ ಭೂಕಂಪದ, ಅದರಿಂದೇಳುವ ಸುನಾಮಿ ಅಲೆಗಳ ಅಪಾಯ ಹೆಚ್ಚೆಂದು ಅಂದಾಜು ಮಾಡಬಹುದು. ವರದಿಯ ಜೊತೆ ಅಚ್ಚಾದ ನಕ್ಷೆಯಲ್ಲಿ ಅವು ಕೆಂಪು ಗೆರೆಗಳು. ಎರಡು ಗೆರೆಗಳ ನಡುವೆ ಅಗಲವಾದ ಬಿಳಿ ಜಾಗವಿತ್ತು. ಅಲ್ಲಿಗೆ ಹಡಗು ಇನ್ನೂ ಹೋಗಿಲ್ಲ, ಆದ್ದರಿಂದ ಅದನ್ನು ಸುರಕ್ಷಿತ ಎನ್ನಲಾಗದು ಎಂಬುದೇ ನಾನು ಕತ್ತರಿಸಿದ ಪ್ಯಾರಾ.

ಅಕ್ಕನ ಮಗಳು ಕರಾವಳಿಯಲ್ಲಿದ್ದಾಳೆ. ಗಂಡನಿಗೆ ಬಂದರಿನಲ್ಲಿ ಕೆಲಸ, ಮಗುವಿಗೆ ಎಂಟು ತಿಂಗಳು. ದಿಬ್ಬದ ಮೇಲಿನ ಬಾಡಿಗೆ ಮನೆಯೋ, ಸಮುದ್ರದ ಪಕ್ಕದ ಹಳೆಯ ಮನೆಯೋ ಎಂದು ಇಬ್ಬರೂ ಯೋಚಿಸುತ್ತಿದ್ದರು. ವರದಿ ಬಂದ ಹತ್ತು ದಿನಕ್ಕೆ ಮಡಕಶಿರದಿಂದ ಅಕ್ಕನ ಫೋನ್ ಬಂತು.

"ನಿನ್ನ ಪೇಪರ್ ನೋಡೇ ನಿಮ್ಮ ಭಾವ ಸಮುದ್ರದ ಪಕ್ಕದ ಮನೇನೇ ಹಿಡೀರಿ ಅಂದ್ರು. ನಿನ್ನೆ ಹಾಲು ಉಕ್ಕಿಸಿದ್ರು ಕಣೋ."

ಮರುದಿನವೇ ಮಡಕಶಿರದ ಬಸ್ಸು ಹಿಡಿದೆ.

ಭಾವ ಬೋರ್‌ವೆಲ್ಲಿಗೆ ಪಾಯಿಂಟ್ ನೋಡುವವರು. ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಹೊಲವನ್ನೆಲ್ಲ ನಡೆಯುತ್ತಾರೆ. ಕಾಯಿ ಎದ್ದು ನಿಂತ ಕಡೆ ಬಂಡೆಯಲ್ಲಿ ಬಿರುಕಿದೆ, ನೀರಿದೆ ಎಂದು ಮೂರು ಕಲ್ಲು ಇಡುತ್ತಾರೆ. ಕಲ್ಲಿಲ್ಲದ ನೆಲವೆಂದರೆ ಅವರು ತುಳಿದು, ಏನೂ ಇಲ್ಲವೆಂದು ಬಿಟ್ಟ ನೆಲ. ವರದಿಯ ನಕ್ಷೆಯನ್ನೂ ಅವರು ಹಾಗೆಯೇ ಓದಿದ್ದರು. ಪತ್ರಿಕೆಯ ತುಂಡಿಗೆ ಲ್ಯಾಮಿನೇಷನ್ ಮಾಡಿಸಿ ಗೋಡೆಗೆ ಹೊಡೆದಿದ್ದರು.

"ನೋಡು, ಮಗಳ ಊರು ಬಿಳೀ ಜಾಗದಾಗೇ ಐತೆ," ಎಂದರು, ಬೆರಳಿಟ್ಟು.

"ಭಾವ, ಅಲ್ಲಿ ಹಡಗು ಹೋಗೇ ಇಲ್ರಿ."

"ಹೋಗ್ದೆ ನಕ್ಷೆ ಹೆಂಗೆ ಬರೆದ್ರು?"

"ಹೋದಷ್ಟು ಬರದಾರ್ರಿ."

ಅಕ್ಕ ಲೋಟ ಕುಕ್ಕಿದಳು. "ಬರೆಯೋನೂ ನೀನೇ, ಅಲ್ಲ ಅನ್ನೋನೂ ನೀನೇ. ಬಸ್ ಚಾರ್ಜ್ ಉಳೀತಿತ್ತು, ಅವತ್ತೇ ಫೋನ್ ಮಾಡಿದ್ರೆ."

ನಾನು ಭಾವನ ಕಡೆ ತಿರುಗಿದೆ. "ನೀವು ಅರ್ಧ ಹೊಲ ನಡದು, ಉಳದಿದ್ದರಾಗ ನೀರಿಲ್ಲ ಅಂತ ಯಾವತ್ತಾರ ಹೇಳೀರೇನ್ರಿ?"

ಭಾವ ನಕ್ಷೆಯ ಮೇಲಿಂದ ಬೆರಳು ತೆಗೆದರು. ಆಮೇಲೆ ಮಗಳಿಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟರು. ಕತ್ತರಿಸಿದ ಪ್ಯಾರಾವನ್ನು ಅವಳಿಗೆ ಹೇಳಿದೆ.

"ಹಂಗಾದ್ರೆ ಇಲ್ಲಿ ಬಿರುಕು ಐತಾ, ಇಲ್ವಾ ಮಾಮ?"

"ಗೊತ್ತಿಲ್ಲವ್ವ."

ಹಿಂದೆ ಮಗು ಪಾತ್ರೆಯೇನೋ ಬಡಿಯುತ್ತಿತ್ತು. "ದಿಬ್ಬದ ಮನೆಗೆ ಬೇರೆಯೋರು ಬಂದಾಯ್ತು. ಗೊತ್ತಿಲ್ಲ ಅಂದ್ರೆ ನಾನು ಮಗೂನ ಎತ್ಕೊಂಡು ಎಲ್ಲಿಗೆ ಹೋಗ್ಲಿ?"

ಊರಿಗೆ ಬಂದುಬಿಡು ಎಂದೆ. ಗಂಡನನ್ನು ಬಿಟ್ಟು ಬರುವುದಿಲ್ಲ ಎಂದಳು.

ಪತ್ರಿಕೆ ಒಳಪುಟದಲ್ಲಿ ನಾಲ್ಕು ಸಾಲಿನ ತಿದ್ದುಪಡಿ ಹಾಕಿತು. ಅಕ್ಕನ ಮಗಳು, ಅವಳ ಗಂಡ ಇನ್ನೂ ಬೇರೆ ಮನೆ ಹುಡುಕುತ್ತಿದ್ದಾರೆ. ದಿಬ್ಬದ ಕಡೆ ಯಾವುದೂ ಖಾಲಿಯಿಲ್ಲ. ಹಡಗು ಆ ಭಾಗಕ್ಕೆ ಯಾವಾಗ ಹೋಗುತ್ತದೆಂದು ಸಮೀಕ್ಷೆಯವರನ್ನು ಕೇಳುತ್ತಲೇ ಇದ್ದೇನೆ. ದಿನ ಗೊತ್ತಾಗಿಲ್ಲ.

ನಾನು ಬಳ್ಳಾರಿ ಬಸ್ಸು ಹತ್ತುವ ಹೊತ್ತಿಗೆ ದಿನವೂ ಭಾವ ಫೋನ್ ಮಾಡುತ್ತಾರೆ.

"ಹಡಗು ಹೋಯ್ತೇನಪ್ಪ?"

"ಇಲ್ರಿ ಭಾವ."

"ಹೋದ ದಿನ ಪೂರ್ತಿ ಹೇಳು. ನೀನಾಗೇ ಏನೂ ಕತ್ತರಿಸ್ಬೇಡ."